ಪ್ಯಾಡ್ ಹಾಕದ ಭಜನೆಪದ ಯಾರು ಕೇಳುತ್ತಾರೆ? ಪೆನ್‌ಡ್ರೈವ್ ಹಂಚಿ ಕಂಡುಕೊಂಡ ನನ್ನ ಅನುಭವ

ಏಕತಾರಿ, ದಮ್ಮಡಿ (ಕೈಯಲ್ಲಿ ಹಿಡಿದು ಬಾರಿಸುವ ಚರ್ಮವಾದ್ಯ), ತಾಳ, ಹಾಡುವವರ ಗಂಟಲು. ಇಷ್ಟೇ. ರಿದಮ್ ಪ್ಯಾಡ್ (ಎಲೆಕ್ಟ್ರಾನಿಕ್ ತಾಳವಾದ್ಯ) ಇಲ್ಲ, ಕೀಬೋರ್ಡ್ ಇಲ್ಲ, ಎಕೋ ಇಲ್ಲ. ಹೀಗೆ ಎಂಟು ತತ್ವಪದ ರೆಕಾರ್ಡ್ ಮಾಡಿ ಆಲ್ಬಮ್ ತರುತ್ತೇನೆ ಅಂದಾಗ ರಬಕವಿ-ಬನಹಟ್ಟಿ ಕಡೆಯ ರೆಕಾರ್ಡಿಂಗ್ ಗೆಳೆಯರೆಲ್ಲ ನಕ್ಕರು. "ಯಾರ್ ಕೇಳ್ತಾರೋ ಮಾರಾಯ, ಒಂದ್ ಪ್ಯಾಡ್ ಆದ್ರೂ ಹಾಕ್ಸು" ಅಂದರು. ಕಬ್ಬಿನ ಟ್ರ್ಯಾಕ್ಟರ್ ಡಾಲ್ಬಿಯಲ್ಲಿ, ಅಂದರೆ ದೊಡ್ಡ ಸ್ಪೀಕರ್ ಸೆಟ್ಟಿನಲ್ಲಿ, ಪ್ಯಾಡ್ ಹಾಕಿದ ಕುಣಿಸುವ ಹಾಡೇ ಓಡುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಈಗ ಅದೇ ಗೆಳೆಯರು ಫೋನ್ ಮಾಡಿ "ಹೆಂಗ್ ಮಾಡಿದಿ?" ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ರೆಕಾರ್ಡಿಂಗ್‌ಗಿಂತ ಕೇಳುಗರ ಅಭಿಪ್ರಾಯ ತೆಗೆದುಕೊಂಡಿದ್ದರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ದುಡ್ಡು ಹೋಗಿದ್ದೂ ಅಲ್ಲೇ, ಕೆಲಸ ಆಗಿದ್ದೂ ಅಲ್ಲೇ.

ರೆಕಾರ್ಡಿಂಗ್ ವಿಷಯ ಬೇಗ ಮುಗಿಸುತ್ತೇನೆ. ಬನಹಟ್ಟಿಯಲ್ಲಿ ಪವರ್‌ಲೂಮ್ ಸದ್ದಿಲ್ಲದ ಓಣಿ ಹುಡುಕುವುದು ಕಷ್ಟ. ಕರೆಂಟ್ ಹೋದರೆ ಮಾತ್ರ ಮಗ್ಗ ನಿಲ್ಲುತ್ತವೆ. ಬ್ಯಾಟರಿ ರೆಕಾರ್ಡರ್ ತಯಾರಿಟ್ಟುಕೊಂಡು ಕರೆಂಟ್ ಹೋಗುವುದನ್ನೇ ಕಾಯುತ್ತಿದ್ದೆ. ಕರೆಂಟ್ ಇಲ್ಲ ಅಂದರೆ ಲೈನಿನ ಗುಂಯ್ ಸದ್ದೂ ಇಲ್ಲ, ಫ್ಯಾನೂ ಇಲ್ಲ. ಆದರೆ ಎರಡನೇ ನುಡಿ ಮುಗಿಯುವಷ್ಟರಲ್ಲಿ ಕರೆಂಟ್ ಬಂದು ಇಡೀ ಓಣಿ ಒಮ್ಮೆಲೇ ಶುರುವಾಗುತ್ತಿತ್ತು. ಕೊನೆಗೆ ತೇರದಾಳದ ಹತ್ತಿರ ಹಳೆಯ ಮಣ್ಣಿನ ಮನೆ ಸಿಕ್ಕಿತು. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಒಂದು ಬದಿಗೆ ಜೋಳದ ಚೀಲಗಳ ಸಾಲು. ಸ್ಟುಡಿಯೋದವರು ಫೋಮ್ ಹಚ್ಚಲು ಸಾವಿರಾರು ರೂಪಾಯಿ ಸುರಿಯುತ್ತಾರಲ್ಲ, ಆ ಕೆಲಸ ಚೀಲಗಳೇ ಮಾಡಿದವು. ಹಾಡಿದ ಅಜ್ಜ ಅರವತ್ತು ದಾಟಿದವರು, ಅಮಾವಾಸ್ಯೆ ಭಜನೆಯಲ್ಲಿ ಪಳಗಿದವರು. ದಮ್ಮಡಿಯವನನ್ನು ಬಾಗಿಲ ಹೊರಗೆ, ಮುಖ ಬೀದಿಗೆ ಮಾಡಿ ಕೂರಿಸಿದೆ. ಒಳಗೆ ಕೂತರೆ ಅವನ ಒಂದೊಂದು ಪೆಟ್ಟಿಗೂ ಲೆವೆಲ್ ಇಳಿಸಬೇಕು, ಆಗ ಅಜ್ಜನ ಧ್ವನಿ ಸಣ್ಣದಾಗುತ್ತದೆ. ಏಕತಾರಿಗೆ ಮೈಕ್ ಎಲ್ಲಿಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಇನ್ನು ಅಭಿಪ್ರಾಯ. ಮೊದಲು ಎಲ್ಲರಂತೆ ವಾಟ್ಸಾಪಿನಲ್ಲಿ ಕಳಿಸಿದೆ. ಹೆಬ್ಬೆರಳು, ಕೈಮುಗಿದ ಚಿತ್ರ, "ಬಾಳ ಚಲೋ ಮಾಡೀರಿ ಬಿಡ್ರಿ". ಇದರಿಂದ ಏನು ತಿಳಿಯುತ್ತದೆ? ಆಮೇಲೆ ಒಂದು ಚಿಕ್ಕ ಹಾಲ್ ಹಿಡಿದೆ. ನಲವತ್ತು ಕುರ್ಚಿ, ಚಹಾ, ಚುರುಮುರಿ, ಮಿರ್ಚಿ ಎಲ್ಲ ಸೇರಿ ಸುಮಾರು ಆರು ಸಾವಿರ ಖರ್ಚು. ಜನ ಕೂತು ಕೇಳಿದರು, ತಲೆದೂಗಿದರು. ಒಬ್ಬ ನಿವೃತ್ತ ಮಾಸ್ತರರು ಎದ್ದು ನಿಂತು ಸಂಸ್ಕೃತಿ ಬಗ್ಗೆ ಕಾಲು ಗಂಟೆ ಮಾತಾಡಿದರು. ಹೋಗುವಾಗ ಒಬ್ಬರೂ "ನನ್ನ ಫೋನಿಗೆ ಹಾಕಿ ಕೊಡ್ರಿ" ಅನ್ನಲಿಲ್ಲ. ಮಿರ್ಚಿ ಮಾತ್ರ ಒಂದೂ ಉಳಿಯಲಿಲ್ಲ.

ನಮ್ಮ ಜನ ಎದುರಿಗೆ ಕೂತು "ಚಲೋ ಇಲ್ಲ" ಅನ್ನುವವರಲ್ಲ. ಹಾಗಾದರೆ ಕೇಳಲೇಬಾರದು, ಅವರೇನು ಮಾಡುತ್ತಾರೆ ಅಂತ ನೋಡಬೇಕು ಅಂದುಕೊಂಡೆ. ಮೊಬೈಲ್ ಅಂಗಡಿಯಲ್ಲಿ ಹಾಡು ತುಂಬಿಸುವ ಹುಡುಗನ ಹತ್ತಿರ ಕೂತಿದ್ದಾಗ ದಾರಿ ಹೊಳೆಯಿತು. ಪೆನ್‌ಡ್ರೈವ್ ತುಂಬಿದ್ದರೆ ಹುಡುಗ ಡ್ರೈವರನ್ನು ಕೇಳುತ್ತಾನೆ: "ಅಣ್ಣಾ, ಜಾಗ ಇಲ್ಲ. ಯಾವ್ದು ತಗೀಲಿ?" ಆಗ ಡ್ರೈವರ್ ಬಾಯಿಂದ ಬರುವುದೇ ನಿಜವಾದ ಅಭಿಪ್ರಾಯ. ಅಲ್ಲಿ ಸಂಕೋಚಕ್ಕೆ ಜಾಗವೇ ಇಲ್ಲ.

ಹಳೆಯ ಸ್ಟಾಕಿನ 4 ಜಿಬಿ ಪೆನ್‌ಡ್ರೈವ್ ಇಪ್ಪತ್ತೈದರ ಆಸುಪಾಸು ಕೊಂಡೆ. ಒಂದಕ್ಕೆ ನೂರೈವತ್ತು ಬಿತ್ತು ಅಂತ ನೆನಪು. ಪ್ರತಿಯೊಂದರಲ್ಲೂ ನಮ್ಮ ಎಂಟು ಪದ. ಅದರ ಜೊತೆ, ಅವೇ ಪದಗಳಲ್ಲಿ ಮೂರಕ್ಕೆ ಪ್ಯಾಡ್, ಕೀಬೋರ್ಡ್ ಹಾಕಿಸಿದ ಇನ್ನೊಂದು ನಮೂನೆ. ಈ ಮೂರಕ್ಕೆ ಕೀಬೋರ್ಡಿನವನಿಗೆ ನಾಲ್ಕು ಸಾವಿರ ಕೊಟ್ಟೆ. ಸೋಲಿಸಲಿಕ್ಕೆ ಅಂತಲೇ ಮಾಡಿಸಿದ್ದು ಅಂದರೆ ಪಾಪ, ಅವನಿಗೆ ಬೇಜಾರಾಗುತ್ತದೆ. ಉಳಿದ ಜಾಗದಲ್ಲಿ ಜನ ಇಷ್ಟಪಡುವ ಹಾಡುಗಳನ್ನೇ ತುಂಬಿಸಿದೆ. ನಮ್ಮ ಫೈಲ್‌ಗಳು ಮಾತ್ರ ಉಳಿದವಕ್ಕಿಂತ ದೊಡ್ಡದಾಗಿರುವಂತೆ ನೋಡಿಕೊಂಡೆ. ಹೊಸ ಹಾಡು ಬೇಕೆಂದವನು ಜಾಗ ಮಾಡಲು ಮೊದಲು ನಮ್ಮದರ ಮೇಲೆಯೇ ಕಣ್ಣು ಹಾಕಬೇಕು, ಲೆಕ್ಕ ಹಾಗೆ. ಅದನ್ನು ಹೇಗೆ ಮಾಡಿದೆ ಅಂತ ಕೇಳಬೇಡಿ, ಯೋಚಿಸಿದರೆ ನಿಮಗೂ ಹೊಳೆಯುತ್ತದೆ. ಟ್ರ್ಯಾಕ್ಟರ್ ಡ್ರೈವರ್‌ಗಳು, ಮಗ್ಗದವರು, ಮಹಾಲಿಂಗಪುರದ ಒಂದೆರಡು ಬೆಲ್ಲದ ಗಾಣದವರು, ಒಬ್ಬ ಕಟಿಂಗ್ ಅಂಗಡಿಯವನು, ನಾಲ್ಕೈದು ಮನೆಯ ಹೆಂಗಸರು, ಇವರಿಗೆಲ್ಲ ಹಂಚಿದೆ. "ಸೀಸನ್ ಮುಗಿಯೋದ್ರೊಳಗ ವಾಪಸ್ ಕೊಡ್ರಿ, ನಡುವೆ ಏನ್ ಬೇಕಾದ್ರೂ ಅಳಿಸ್ಕೊಳ್ರಿ" ಅಂದೆ. ಹಾಡು ತುಂಬಿಸುವ ಹುಡುಗನಿಗೆ ಬೇರೆಯಾಗಿ ಐನೂರು ಕೊಟ್ಟು, ಯಾರು ಏನಂದರು ಅಂತ ನೆನಪಿಟ್ಟುಕೊಳ್ಳಲು ಹೇಳಿದ್ದೆ.

ಹದಿನೇಳೋ ಹದಿನೆಂಟೋ ವಾಪಸ್ ಬಂದವು. ಉಳಿದವು ಹೋದವು ಅಂತ ಲೆಕ್ಕ. ಒಂದು ಕಬ್ಬಿನ ಹೊಲದಲ್ಲಿ ಬಿತ್ತಂತೆ.

ತೆರೆದು ನೋಡಿದರೆ ನಾನು ಅಂದುಕೊಂಡಿದ್ದು ಒಂದು, ಅಲ್ಲಿದ್ದದ್ದು ಇನ್ನೊಂದು. ಪ್ಯಾಡ್ ಹಾಕಿದ ಮೂರು ಪದ ಹೆಚ್ಚಿನ ಕಡೆ ಮೊದಲೇ ಅಳಿದಿದ್ದವು. ಡ್ರೈವರ್‌ಗಳು ಹುಡುಗನಿಗೆ ಹೇಳಿದ ಕಾರಣ ಸರಳ: "ಪ್ಯಾಡ್ ಬೇಕಂದ್ರ ಖರೇನ ಪ್ಯಾಡಿನ ಹಾಡ್ ಅದಾವಲ್ಲ, ಇದ್ಯಾಕ?" ಅವರಿಗೆ ಕುಣಿಸುವ ಹಾಡು ಕೊಡುವವರು ಬೇರೆಯೇ ಇದ್ದಾರೆ, ನಾವು ಅರೆಬರೆ ಕುಣಿಸಲು ಹೋಗಬಾರದು. ಹಾಗಂತ ಬರಿ ಪದಗಳೆಲ್ಲ ಗೆದ್ದವು ಅಂತಲ್ಲ. ಎಂಟರಲ್ಲಿ ನಾಲ್ಕು ಎಲ್ಲ ಕಡೆ ಉಳಿದಿದ್ದವು. ಎರಡು ಅಲ್ಲಲ್ಲಿ ಇದ್ದವು. ಇನ್ನೆರಡು ಪೂರ್ತಿ ಮಾಯ. ಆ ಎರಡೂ ನನಗೆ ತೀರಾ ಇಷ್ಟವಾದವು. ಅಜ್ಜ ಒಬ್ಬರೇ, ಬರಿ ಏಕತಾರಿ, ನಿಧಾನದ ಗತಿ. ಬೆಂಗಳೂರಿನ ನೆಂಟರು "ಇದೇ ಬೆಸ್ಟ್" ಅಂದಿದ್ದೂ ಇವನ್ನೇ.

ಯಾಕೆ ಹೀಗಾಯಿತು ಅಂತ ತಿಳಿಯಲು ಒಬ್ಬೊಬ್ಬರ ಹತ್ತಿರ ಹೋಗಿ ಕೂತೆ. ಏನು ಅಳಿಸಿದ್ದಾರೆ ಅಂತ ಕೈಯಲ್ಲೇ ಪುರಾವೆ ಇತ್ತಲ್ಲ, "ಚಲೋ ಐತ್ರಿ" ಅಂತ ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಮಠದ ಹಿರಿಯರೊಬ್ಬರು "ಹಿಂದ ಹಾಡೋರು ಎಲ್ಲಿ ಹ್ವಾದ್ರು?" ಅಂದರು. ಇದು ದೊಡ್ಡ ಮಾತು. ಪಟ್ಟಣದವರಿಗೆ ಸಾದಾ ಅಂದರೆ ಒಬ್ಬ ಮನುಷ್ಯ, ಒಂದು ತಂತಿ. ನಮ್ಮಲ್ಲಿ ಭಜನೆ ಎಷ್ಟೇ ಸಾದಾ ಆದರೂ ಸೊಲ್ಲು ಎತ್ತಿಕೊಳ್ಳಲು ಇಬ್ಬರಾದರೂ ಹಿಂದೆ ಬೇಕು. ಅವರಿಲ್ಲದಿದ್ದರೆ ರೆಕಾರ್ಡಿಂಗ್ ಅರ್ಧಕ್ಕೆ ನಿಂತಿದೆ ಅಂತ ಅನ್ನಿಸುತ್ತದೆ. ಎಲ್ಲ ಕಡೆ ಉಳಿದ ನಾಲ್ಕು ಪದಗಳಲ್ಲೂ ಹಿಂದೆ ಹಾಡುವವರು ಇದ್ದರು ಅನ್ನುವುದು ನನಗೆ ಆಗ ಹೊಳೆಯಿತು.

ಹೆಂಗಸರ ಮಾತು ಇನ್ನೂ ಚುರುಕು. "ಸತ್ತೋರ ಮನ್ಯಾಗ ರಾತ್ರಿ ಹಾಡಿದಂಗ ಐತಿ ನೋಡ್ ತಮ್ಮಾ, ಬೆಳಿಗ್ಗಿ ಎದ್ದು ಹೆಂಗ್ ಹಚ್ಚೂದು?" ಅಂದರು ಒಬ್ಬ ಅವ್ವ. ಸರಿಯೇ. ನಮ್ಮ ಕಡೆ ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನೆ ನಡೆಯುತ್ತದೆ. ಬರಿ ಏಕತಾರಿಯ ನಿಧಾನದ ಪದ ಕೇಳಿದ ಕೂಡಲೇ ಮನಸ್ಸು ಅಲ್ಲಿಗೇ ಹೋಗುತ್ತದೆ. ಮೇಲಾಗಿ ನಾನು ಆಲ್ಬಮ್ಮಿನಲ್ಲಿ ಮೊದಲಿಗೇ ಇಟ್ಟಿದ್ದು ಅಂಥ ಪದವನ್ನು. ಎರಡನೇ ಸುತ್ತಿನಲ್ಲಿ ಅದನ್ನು ಏಳನೆಯದಕ್ಕೆ ತಳ್ಳಿ, ಚಿಟಿಕಿ (ಬೆರಳಿಗೆ ಹಿಡಿದು ಬಡಿಯುವ ತಾಳ) ಹಾಕಿ ಇಡೀ ಮೇಳ ಎತ್ತಿ ಹಾಡುವ ಪದವನ್ನು ಮುಂದಕ್ಕೆ ತಂದೆ. ಅದೇ ಅವ್ವ ಈಗ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಹಚ್ಚುತ್ತಾರೆ.

ನೇಕಾರರು ನನ್ನ ಪರವಾಗಿ ನಿಲ್ಲುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಅಷ್ಟು ಸದ್ದಿನಲ್ಲಿ ಏಕತಾರಿ ಯಾರಿಗೆ ಕೇಳುತ್ತದೆ? ಆದರೆ ಅವರು ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನೇಯುತ್ತಾರೆ. "ಮಗ್ಗದ್ದ ಒಂದ್ ತಾಳ, ಪ್ಯಾಡಿಂದ ಒಂದ್ ತಾಳ, ತಲಿ ಕೆಟ್ಟ್ ಹೋಕ್ಕೈತಿ. ಇದು ಮಗ್ಗದ ಜೋಡಿ ಕೂಡ್ತೈತ್ರಿ" ಅಂದರು ಒಬ್ಬ ಕಾಕಾ. ಡ್ರೈವರ್‌ಗಳದ್ದು ಬೇರೆ ಕಥೆ. ಗಾಡಿ ಓಡುವಾಗ ಇಂಜಿನ್ ಗದ್ದಲದಲ್ಲಿ ನಮ್ಮ ಪದ ಕೇಳುವುದೇ ಇಲ್ಲ. ಅವರು ಹಚ್ಚುತ್ತಿದ್ದದ್ದು ಫ್ಯಾಕ್ಟರಿ ಮುಂದಿನ ಪಾಳಿಯಲ್ಲಿ. ಕಬ್ಬು ಇಳಿಸಲು ತಾಸುಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ ನಿಲ್ಲಬೇಕು. ಇಂಜಿನ್ ಬಂದ್, ಚಳಿ, ಮಾತಾಡಲಿಕ್ಕೂ ಬೇಸರ. ಆ ಹೊತ್ತಿಗೆ ಡಾಲ್ಬಿ ಹಾಡು ಅವರಿಗೇ ಬೇಡವಾಗಿರುತ್ತದೆ. ನಮ್ಮ ಆಲ್ಬಮ್ಮಿಗೆ ಮಾರ್ಕೆಟ್ ಎಲ್ಲಿದೆ ಅಂತ ನನಗೆ ಗೊತ್ತಾಗಿದ್ದೇ ಆ ಪಾಳಿಯಲ್ಲಿ.

ಇನ್ನೊಂದು ದೂರು ಎಲ್ಲರದ್ದೂ: "ಫೋನಿನ್ಯಾಗ ತಂತಿ ಕೇಳಂಗಿಲ್ಲ, ಬರೀ ಟಿಣ್ ಟಿಣ್ ಅಂತೈತಿ." ಅಜ್ಜನ ಶ್ರುತಿ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ). ಅಂದರೆ ಏಕತಾರಿಯ ಮೂಲ ನಾದ ಸುಮಾರು 138 ಹರ್ಟ್ಜ್. ಫೋನಿನ ಸಣ್ಣ ಸ್ಪೀಕರ್‌ನಲ್ಲಿ ಅಷ್ಟು ಕೆಳಗಿನ ನಾದ ಹೊರಗೇ ಬರುವುದಿಲ್ಲ. ಬಾಸ್ ಏರಿಸಿದರೆ ಸ್ಪೀಕರ್ ಬರಿ ಗರಗರ ಅನ್ನುತ್ತದೆ. ಅದಕ್ಕೆ ಮಿಕ್ಸಿಂಗ್‌ನಲ್ಲಿ ನನಗೆ ಮದ್ದು ಸಿಗಲಿಲ್ಲ, ಮೀಟುವುದರಲ್ಲೇ ಸಿಕ್ಕಿತು. ಕುದುರೆಯ (ತಂತಿಯನ್ನು ಎತ್ತಿ ಹಿಡಿಯುವ ಸಣ್ಣ ಆಧಾರ) ಹತ್ತಿರ ಮೀಟಿದರೆ ಮೇಲಿನ ಸ್ವರಾಂಶಗಳು ಜಾಸ್ತಿ ಏಳುತ್ತವೆ, ಫೋನಿನಲ್ಲೂ ತಂತಿ ಅಂತ ಗೊತ್ತಾಗುತ್ತದೆ. ಅಜ್ಜ ಒಪ್ಪಲು ಬಹಳ ಸತಾಯಿಸಿದರು. "ನಲವತ್ತ್ ವರ್ಷದಿಂದ ಇಲ್ಲೇ ಮೀಟೇನಿ" ಅಂತ ವಾದ. ಫೋನ್ ಕೈಗೆ ಕೊಟ್ಟು ಎರಡೂ ಕೇಳಿಸಿದ ಮೇಲೆ ಸುಮ್ಮನಾದರು.

ನಡುವೆ ಮಾಡಿದ ಒಂದೆರಡು ಹುಚ್ಚಾಟ ಹೇಳಲೇಬೇಕು. ಸ್ವಲ್ಪ ಸಹಜ ಎಕೋ ಸಿಗಲಿ ಅಂತ ವಿಜಯಪುರಕ್ಕೆ ಹೋಗಿ ಗೋಲಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಫೋನ್ ಹಿಡಿದು ಚಪ್ಪಾಳೆ ತಟ್ಟಿ ನೋಡಿದೆ. 1656ರ ಕಟ್ಟಡ, ಒಂದು ಚಪ್ಪಾಳೆ ಏಳೆಂಟು ಸಲ ತಿರುಗಿ ಬರುತ್ತದೆ. ಕೇಳಲು ಮಜಾ, ಪದಕ್ಕೆ ಪೂರ್ತಿ ನಿಷ್ಪ್ರಯೋಜಕ. ಮೊದಲ ಸೊಲ್ಲು ಮುಗಿಯುವ ಮೊದಲೇ ಅದರ ಮೇಲೆ ಅದೇ ಸೊಲ್ಲು ಹತ್ತಿ ಕೂರುತ್ತದೆ. ಮೇಲೆ ಶಾಲೆ ಮಕ್ಕಳ ಕೂಗು ಬೇರೆ. ಇನ್ನೊಂದು, ತೇರದಾಳದ ಅದೇ ಮನೆಯ ಅಂಗಳದಲ್ಲಿದ್ದ ಖಾಲಿ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಅದರೊಳಗೆ ಸ್ಪೀಕರ್ ಇಳಿಸಿ, ಅಜ್ಜನ ಧ್ವನಿ ಹಚ್ಚಿ, ಬಾಯಿ ಹತ್ತಿರ ಮೈಕ್ ಇಟ್ಟೆ. ಯಾರಾದರೂ ಮಾಡುವುದಾದರೆ ಮುಚ್ಚಳ ತೆಗೆದು ಒಂದು ದಿನ ಗಾಳಿಯಾಡಲು ಬಿಡಿ. ಮನುಷ್ಯರು ಇಳಿಯಲೇಬೇಡಿ, ಸ್ಪೀಕರ್ ಹಗ್ಗದಲ್ಲಿ ಇಳಿಸಿದರೆ ಸಾಕು. ಮುಚ್ಚಿದ ಹಗೇವಿನ ಗಾಳಿಗೆ ಜೀವ ಹೋದ ಉದಾಹರಣೆಗಳು ನಮ್ಮ ಕಡೆ ಇವೆ. ನಾದ ಬಹಳ ದಪ್ಪ ಬಂತು. ಒಂದು ಪದದಲ್ಲಿ ಮಾತ್ರ, ಗೊತ್ತಾಗದಷ್ಟು ಸೇರಿಸಿದ್ದೇನೆ. ಯಾವುದರಲ್ಲಿ ಅಂತ ಇದುವರೆಗೆ ಯಾರೂ ಗುರುತಿಸಿಲ್ಲ.

ಲೆಕ್ಕಕ್ಕೆ ಬರೋಣ. ಅಜ್ಜ ಮತ್ತು ಮೇಳದವರ ಗೌರವಧನ, ಊಟ, ಓಡಾಟ ಸೇರಿ ಹದಿನೆಂಟು ಸಾವಿರದ ಹತ್ತಿರ. ಹಾಲ್, ಪೆನ್‌ಡ್ರೈವ್, ಕೀಬೋರ್ಡ್, ಹುಡುಗನ ಐನೂರು ಸೇರಿ ಹದಿನಾಲ್ಕು ಸಾವಿರದಷ್ಟು. ಎರಡನೇ ಸುತ್ತಿನ ರೆಕಾರ್ಡಿಂಗ್‌ಗೆ ಮತ್ತೆ ಹತ್ತು. ಒಟ್ಟು ನಲವತ್ತೆರಡರ ಸುತ್ತಮುತ್ತ. ಜಾತ್ರೆಗಳಲ್ಲಿ ಪೆನ್‌ಡ್ರೈವ್ ಇನ್ನೂರೈವತ್ತಕ್ಕೆ ಮಾರಿದೆ. ಶ್ರಾವಣದಲ್ಲಿ ಮಠಗಳಿಂದ ಒಟ್ಟಿಗೆ ಆರ್ಡರ್ ಬಂತು. ಅಸಲು ಬಂದಿದೆ, ಮೇಲೆ ಒಂದು ಒಳ್ಳೆಯ ಮೈಕಿನಷ್ಟು ಉಳಿದಿದೆ. ಪ್ಯಾಡ್ ಹಾಕಿಸಿ ಆಲ್ಬಮ್ ಮಾಡಿದ ನನ್ನ ಗೆಳೆಯರಲ್ಲಿ ಎಷ್ಟು ಜನರ ಅಸಲು ಬಂದಿದೆ ಅಂತ ನಾನು ಕೇಳಲು ಹೋಗುವುದಿಲ್ಲ.

ಯೂಟ್ಯೂಬ್‌ನಿಂದ ಬಂದದ್ದು ಚಹಾಪುಡಿಗೆ ಸಾಲದು. ಸಾಲದ್ದಕ್ಕೆ ಶಿಶುನಾಳ ಶರೀಫರ ಪದವೊಂದಕ್ಕೆ ಒಂದು ಕಂಪನಿ ಹಕ್ಕು ಹೇಳಿತು. ಶರೀಫರು ತೀರಿಕೊಂಡಿದ್ದು 1889ರಲ್ಲಿ. ನಮ್ಮ ಕಾನೂನಿನಲ್ಲಿ ಬರೆದವರು ತೀರಿದ ಮೇಲೆ ಅರವತ್ತು ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಇದನ್ನೇ ಬರೆದು, ರೆಕಾರ್ಡಿಂಗ್ ನಮ್ಮದೇ ಅಂತ ತೋರಿಸಿ ತಕರಾರು ಹಾಕಿದೆ, ಬಿಟ್ಟರು. ಎಡಿಟ್ ಮಾಡದ ಮೂಲ ಫೈಲ್‌ಗಳನ್ನು ಅಳಿಸಬೇಡಿ, ಇಂಥ ಹೊತ್ತಿಗೆ ಅವೇ ಸಾಕ್ಷಿ.

ಡಾಲ್ಬಿ ಹುಡುಗರಿಗೆ ಆಲ್ಬಮ್ ಈಗಲೂ ಹಿಡಿಸಿಲ್ಲ. "ನಿದ್ದಿ ಬರ್ತೈತ್ರಿ" ಅನ್ನುತ್ತಾರೆ. ಅವರಿಗಾಗಿ ಏನೂ ಬದಲಿಸುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಮುಂದಿನದು ಬೀಸುವ ಪದ. ವಾದ್ಯವೇ ಇಲ್ಲ, ಇಬ್ಬರು ಹೆಂಗಸರು ಮತ್ತು ಬೀಸುಕಲ್ಲು. ಹಾಡುವವರು ಸಿಕ್ಕಿದ್ದಾರೆ. ಆದರೆ ಸಿಕ್ಕ ಕಲ್ಲುಗಳೆಲ್ಲ ಅಂಗಳದಲ್ಲಿ ಮಳೆಗೆ ಬಿದ್ದು ಗೂಟ ಮುರಿದವು. ಜಮಖಂಡಿ, ಮುಧೋಳ ಕಡೆ ಯಾರ ಮನೆಯಲ್ಲಾದರೂ ಇನ್ನೂ ಜೋಳ ಬೀಸುವ ಕಲ್ಲು ಇದ್ದರೆ ತಿಳಿಸಿ, ಬಾಡಿಗೆ ಕೊಡುತ್ತೇನೆ.