ಪುಣ್ಯಕ್ಕೂ ವಜ್ರಕ್ಕೂ: ಮೇ ವೆಸ್ಟ್ ಮಾತಿಗೆ ಕನ್ನಡ ಸಬ್‌ಟೈಟಲ್ ಬರೆದ ಅನುಭವ

ಸಬ್‌ಟೈಟಲ್ ಬರೆಯುವುದು ನನ್ನ ಹೊಟ್ಟೆಪಾಡು. ಬರುವ ಕೆಲಸವೆಲ್ಲ ಕಂಪನಿಗಳ ತರಬೇತಿ ವಿಡಿಯೊಗಳದ್ದೇ. ಬೇಸತ್ತು, ಒಂದು ಬೇಸಿಗೆಯಲ್ಲಿ ನನ್ನ ಖುಷಿಗೆಂದು ಹಳೆಯ ಹಾಲಿವುಡ್ ನಟಿ ಮೇ ವೆಸ್ಟ್‌ಳ ಸಿನಿಮಾಕ್ಕೆ ಕನ್ನಡ ಸಾಲು ಕೂರಿಸಲು ಹೊರಟೆ. ನೋಡುಗರು ಯಾರೆಂದರೆ ಇಂಗ್ಲಿಷ್ ಬಾರದ, ಕಪ್ಪುಬಿಳುಪು ಸಿನಿಮಾ ಅಂದರೆ ಪ್ರಾಣ ಬಿಡುವ ನಮ್ಮ ದೊಡ್ಡಮ್ಮ. ಆರಿಸಿಕೊಂಡದ್ದು 1933ರ ‘ಷಿ ಡನ್ ಹಿಮ್ ರಾಂಗ್’. ಬರೀ 66 ನಿಮಿಷದ್ದು, ಒಂದು ವಾರದಲ್ಲಿ ಮುಗಿಸುತ್ತೇನೆ ಅಂದುಕೊಂಡಿದ್ದೆ. ಒಂದೂವರೆ ತಿಂಗಳು ಹಿಡಿಯಿತು.

ಕೈ ಪಳಗಲಿ ಎಂದು ಮೊದಲು ಆಕೆಯ ಚೊಚ್ಚಲ ಚಿತ್ರ, 1932ರ ‘ನೈಟ್ ಆಫ್ಟರ್ ನೈಟ್’ನ ಒಂದೇ ತುಣುಕು ತೆಗೆದುಕೊಂಡೆ. ಸಿನಿಮಾಕ್ಕೆ ಬಂದಾಗ ಆಕೆಗೆ ನಲವತ್ತು ಹತ್ತಿರವಾಗಿತ್ತು. ಕ್ಲಬ್ಬಿನ ಬಾಗಿಲಲ್ಲಿ ಕೋಟು, ಟೋಪಿ ಇಸಿದುಕೊಳ್ಳುವ ಹುಡುಗಿ ಇವಳ ಒಡವೆ ನೋಡಿ, ‘ಗುಡ್‌ನೆಸ್, ಎಂಥ ವಜ್ರಗಳು!’ ಎಂದು ಬಾಯಿ ಬಿಡುತ್ತಾಳೆ. ‘ಗುಡ್‌ನೆಸ್‌ಗೂ ಇದಕ್ಕೂ ಸಂಬಂಧವಿಲ್ಲ’ ಎಂದು ಹೇಳಿ ಇವಳು ತನ್ನ ಪಾಡಿಗೆ ಮೆಟ್ಟಿಲು ಹತ್ತುತ್ತಾಳೆ. ಗುಡ್‌ನೆಸ್ ಅನ್ನುವುದು ಉದ್ಗಾರವೂ ಹೌದು, ಒಳ್ಳೆಯ ನಡತೆಯೂ ಹೌದು. ಇಡೀ ನಗು ಆ ಒಂದು ಪದದ ಮೇಲೆ ನಿಂತಿದೆ. 1959ರಲ್ಲಿ ಬಂದ ತನ್ನ ಆತ್ಮಕಥೆಗೂ ಆಕೆ ಇದೇ ಮಾತನ್ನು ಹೆಸರಾಗಿ ಇಟ್ಟಳು.

ಕನ್ನಡದಲ್ಲಿ ‘ಅಬ್ಬಾ’ ಅಂತ ಬರೆದರೆ ಉತ್ತರವೇ ಹುಟ್ಟುವುದಿಲ್ಲ. ‘ಅಯ್ಯೋ ದೇವರೇ’ ಹಾಕಿ ನೋಡಿದೆ. ‘ಇದರಲ್ಲಿ ದೇವರ ಕೈವಾಡ ಇಲ್ಲ’ ಎಂದರೆ ಅವಳು ನಾಸ್ತಿಕಳಂತೆ ಕಾಣುತ್ತಾಳೆ, ತುಂಟಿಯಂತೆ ಅಲ್ಲ. ನಾಲ್ಕು ದಿನ ಹೀಗೇ ಕಳೆಯಿತು. ಆಮೇಲೆ ಯಾವುದೋ ಮದುವೆಯಿಂದ ಬಂದ ದೊಡ್ಡಮ್ಮ ಸೆರಗು ಬಿಚ್ಚುತ್ತಾ, “ಏನು ಪುಣ್ಯ ಮಾಡಿದ್ದಳೋ ತಾಯಿ, ಮೈತುಂಬ ಚಿನ್ನ” ಅಂದಳು. ಓಡಿ ಹೋಗಿ ಬರೆದುಕೊಂಡೆ.

“ಏನು ಪುಣ್ಯ ಮಾಡಿದ್ರಿ ಮೇಡಂ, ಎಂಥಾ ವಜ್ರ!”
“ಪುಣ್ಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಕಣೇ.”

ಆ ‘ಕಣೇ’ ನನಗೆ ಬಿಟ್ಟಿ ಸಿಕ್ಕಿದ್ದು.

ಆದರೂ ಪರದೆಯ ಮೇಲೆ ಓಡಿಸಿದಾಗ ಸಪ್ಪೆ. ಎರಡೂ ಸಾಲನ್ನು ಒಟ್ಟಿಗೆ ತೋರಿಸಿದ್ದೆ, ಅವಳು ಬಾಯಿ ತೆರೆಯುವ ಮೊದಲೇ ಉತ್ತರ ಬಟಾಬಯಲು. ಸಾಲುಗಳನ್ನು ಬೇರೆ ಮಾಡಿ, ಎರಡನೆಯದನ್ನು ಅವಳ ದನಿ ಶುರುವಾಗುವ ಚೌಕಟ್ಟಿಗೇ ಕಟ್ಟಿದೆ. ಒಂದು ಸೆಕೆಂಡೂ ಇಲ್ಲದ ವ್ಯತ್ಯಾಸ, ಆದರೆ ನಗು ಇದ್ದದ್ದು ಅಲ್ಲೇ. (ಒತ್ತಕ್ಷರಗಳ ಬಾಲ ಕೆಳಗಿನ ಸಾಲಿಗೆ ತಾಗಿ ಕತ್ತರಿಸಿಹೋಗುತ್ತಿದ್ದದ್ದು ಬೇರೆ ಗೋಳು. ಸಾಲುಗಳ ನಡುವೆ ಜಾಗ ಹೆಚ್ಚಿಸಿ ಸರಿಮಾಡಿಕೊಂಡೆ.)

ಮುಖ್ಯ ಸಿನಿಮಾದಲ್ಲಿ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ಮೊದಲ ಕರಡಿನಲ್ಲಿ ಒಳಾರ್ಥವನ್ನೆಲ್ಲ ಎಳೆದು ಹೊರಗೆ ಹಾಕಿದ್ದೆ. ಓದಿದರೆ ಕೀಳು ಹಾಸ್ಯದ ನಾಟಕದಂತಿತ್ತು. ಎಡವಿದ್ದು ಎಲ್ಲಿ ಅಂತ ತಿಳಿದದ್ದು ಆಕೆಯ ರೇಡಿಯೊ ಪ್ರಕರಣ ನೆನಪಾದಾಗ. 1937ರ ಡಿಸೆಂಬರಿನಲ್ಲಿ ಅಮೆರಿಕದ ರೇಡಿಯೊ ಸಂಸ್ಥೆ ಎನ್‌ಬಿಸಿಯಲ್ಲಿ ಆಡಮ್ ಮತ್ತು ಈವ್ ಕುರಿತ ಒಂದು ಹಾಸ್ಯ ಪ್ರಸಂಗ ಬಂತು. ಸ್ಕ್ರಿಪ್ಟ್ ಮೊದಲೇ ಒಪ್ಪಿಗೆಯಾಗಿತ್ತು. ಆಕೆ ಈವ್ ಆಗಿ ಅದನ್ನು ನುಡಿದದ್ದೇ ತಡ, ದೇಶದ ತುಂಬ ರಾದ್ಧಾಂತವಾಗಿ ಎನ್‌ಬಿಸಿ ಆಕೆಗೆ ಬಾಗಿಲು ಮುಚ್ಚಿತು. ಹಾಳೆಯ ಮೇಲೆ ಇಲ್ಲದ ಕಿಡಿಗೇಡಿತನ ದನಿಯಲ್ಲಿತ್ತು. ಸಬ್‌ಟೈಟಲ್ ಅಂದರೂ ಹಾಳೆಯೇ ತಾನೇ? ಮಾತು ಮಡಿಯಾಗಿರಲಿ, ಮೈಲಿಗೆ ಅವಳೇ ಮಾಡಿಕೊಳ್ಳುತ್ತಾಳೆ ಎಂದು ನಲವತ್ತು ಸಾಲು ಅಳಿಸಿ ಮತ್ತೆ ಬರೆದೆ.

ಇಂಗ್ಲಿಷಿನ ‘ಯು’ಗೆ ನೀನೂ ಇಲ್ಲ, ನೀವೂ ಇಲ್ಲ. ನಾವು ಆರಿಸಲೇಬೇಕು. 1890ರ ದಶಕದ ನ್ಯೂಯಾರ್ಕ್ ಸಾರಾಯಿ ಅಂಗಡಿಯ ಹಾಡುಗಾರ್ತಿ ಲೇಡಿ ಲೂ, ಪಕ್ಕದ ಧರ್ಮಕಾರ್ಯದ ಮನೆ ನಡೆಸುವ ಸಭ್ಯ ಯುವಕನನ್ನು (ಕ್ಯಾರಿ ಗ್ರಾಂಟ್) ಹೇಗೆ ಕರೆಯಬೇಕು? ‘ನೀನು’ ಅಂದರೆ ಆಟ ಅಲ್ಲೇ ಮುಗಿಯಿತು. ನೀವು, ನೀವು ಎಂದು ಮರ್ಯಾದೆ ಕೊಡುತ್ತಲೇ ಕಾಲೆಳೆದರೆ ರುಚಿ. ಕೊನೆಯ ದೃಶ್ಯದಲ್ಲಿ ಅವನ ಬಾಯಲ್ಲೇ ಮೊದಲು ‘ನೀನು’ ಬರುವಂತೆ ಮಾಡಿದೆ.

ಅವನನ್ನು ಮಹಡಿಗೆ ಕರೆಯುವ ಆ ಹೆಸರಾಂತ ಮಾತಿಗೆ ‘ಯಾವಾಗಲಾದರೂ ಮೇಲೆ ಬನ್ನಿ’ ಎಂದು ಬರೆದಿದ್ದೆ. ಗೆಳತಿ ಓದಿ, “ಯಮ ಕರೆದ ಹಾಗಿದೆ ಕಣೆ” ಎಂದು ನಕ್ಕಳು. ಅದು “ಬಿಡುವಾದಾಗ ಒಂದ್ಸಲ ಮಹಡಿಗೆ ಬಂದು ಹೋಗಿ” ಎಂದಾಯಿತು. ನೆಂಟರಿಗೆ ಹೇಳುವಂಥದ್ದೇ ಮಾತು, ಎಳ್ಳಷ್ಟೂ ತಪ್ಪಿಲ್ಲ.

ತೋರಿಸುವ ದಿನ ಹನ್ನೆರಡು ಜನ, ನಮ್ಮ ಹಜಾರದ ಗೋಡೆಯೇ ಪರದೆ. ಯಾರಿವಳು ಅಂತ ದೊಡ್ಡಮ್ಮ ಕೇಳಿದಳು. ತಾನೇ ಬರೆದು ಆಡಿದ ನಾಟಕಕ್ಕಾಗಿ 1927ರಲ್ಲಿ ನ್ಯೂಯಾರ್ಕಿನಲ್ಲಿ ಹತ್ತು ದಿನದ ಸಜೆಯಾಗಿ, ಒಳ್ಳೆಯ ನಡತೆಗೆ ಎರಡು ದಿನ ಮಾಫಿ ಪಡೆದು ಎಂಟು ದಿನಕ್ಕೆ ಹೊರಬಂದವಳು ಅಂದೆ. “ಅಲ್ಲಿ ಮಾತ್ರ ನಡತೆ ಒಳ್ಳೇದಿತ್ತೇನೋ” ಅಂದಳು. ಎರಡನೇ ಮಹಾಯುದ್ಧದ ವಿಮಾನ ಸೈನಿಕರು ಗಾಳಿ ತುಂಬಿದರೆ ಎದೆ ಉಬ್ಬುವ ತಮ್ಮ ಲೈಫ್ ಜಾಕೆಟ್‌ಗೆ ‘ಮೇ ವೆಸ್ಟ್’ ಎಂದೇ ಕರೆಯುತ್ತಿದ್ದರು, ಆ ಪದ ಇಂದಿಗೂ ಇಂಗ್ಲಿಷ್ ನಿಘಂಟಿನಲ್ಲಿದೆ ಎಂದೂ ಹೇಳಿದೆ. ಅದಕ್ಕೆ ಸೆರಗು ಬಾಯಿಗೆ ಒತ್ತಿಕೊಂಡಳು.

ಸಿನಿಮಾ ಶುರುವಾಯಿತು. ಲೇಡಿ ಲೂ ಸೊಂಟದ ಮೇಲೆ ಕೈಯಿಟ್ಟು ನಡೆದು ಬರುತ್ತಿದ್ದಾಳೆ, ಇನ್ನೂ ಒಂದು ಮಾತೂ ಆಡಿಲ್ಲ, ನನ್ನ ಸಾಲೂ ಬಂದಿಲ್ಲ. ದೊಡ್ಡಮ್ಮ ಆಗಲೇ ಬಿದ್ದು ಬಿದ್ದು ನಗುತ್ತಿದ್ದಳು. ಮುಗಿದ ಮೇಲೆ, ಓದಲು ಸರಿಹೋಯಿತಾ ದೊಡ್ಡಮ್ಮ, ಅಕ್ಷರ ಸಣ್ಣದಾಯಿತಾ ಎಂದು ಕೇಳಿದೆ.

“ಅರ್ಧ ಓದಲೇ ಇಲ್ಲ ಕಣೆ. ಅವಳನ್ನ ನೋಡ್ತಾ ಕೂತಿದ್ದೆ.”