ಇಗ್ನಮಿನಿ ಅಂದ್ರೆ ಎಂತ? ಬಳಸೋದು ಹೇಗೆ?

ತೀರ್ಥಹಳ್ಳಿ ಹತ್ತಿರ ದೊಡ್ಡಮ್ಮನ ಮನೆಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದೆವು. ಪರೀಕ್ಷೆಗೆ ಓದುತ್ತಿದ್ದ ತಂಗಿ ಇಂಗ್ಲಿಷ್ ಪೇಪರ್ ಹಿಡಿದು ಬಂದು, "ಅಕ್ಕಾ, ಇಗ್ನಮಿನಿ ಅಂದ್ರೆ ಎಂತ?" ಅಂದಳು. ಅವಮಾನ ಅಂದೆ. "ಇನ್ಸಲ್ಟ್ ಅಂದ್ರೂ ಅವಮಾನವೇ ಅಲ್ವಾ?" ಅಂತ ತಿರುಗಿ ಕೇಳಿದಳು. ಸುದ್ದಿ ಓದಿಸಿದೆ, ಹಳೇ ಮಂತ್ರಿಯೊಬ್ಬರು ಠೇವಣಿ ಕಳೆದುಕೊಂಡ ಕಥೆ. ದೊಡ್ಡಮ್ಮ ಮೆಟ್ಟುಗತ್ತಿಯಿಂದ ಕಣ್ಣೆತ್ತದೆ, "ಹೆಸರು ಹೋಯ್ತು ಅಂತ ಬರಿ ಮಾರಾಯ್ತಿ" ಅಂದರು.

ಆಮೇಲೆ ನಿಘಂಟು ನೋಡಿದರೆ ದೊಡ್ಡಮ್ಮ ಹೇಳಿದ್ದೇ ಸರಿ. ಲ್ಯಾಟಿನ್‌ನಲ್ಲಿ ನೋಮೆನ್ ಅಂದರೆ ಹೆಸರು, ಅದು ಇಲ್ಲವಾಗುವುದೇ ಇಗ್ನೋಮಿನಿಯಾ. ಹಳೇ ರೋಮ್‌ನಲ್ಲಿ ಸೆನ್ಸಾರ್ ಅನ್ನುವ ಅಧಿಕಾರಿ ಇರುತ್ತಿದ್ದ. ತಪ್ಪು ಮಾಡಿದವರ ಹೆಸರಿನ ಪಕ್ಕ ಅವನು ಪಟ್ಟಿಯಲ್ಲೊಂದು ಗುರುತು ಹಾಕುತ್ತಿದ್ದ, ಊರಿಗೆಲ್ಲ ಗೊತ್ತಾಗುತ್ತಿತ್ತು.

ಮೊದಲು ಉಚ್ಚಾರ. ಇಗ್-ನ-ಮಿ-ನಿ, ಒತ್ತು 'ಇಗ್' ಮೇಲೆ. 'ಇಗ್ನೋಮಿನಿ' ಅಂತ ನೋ ಎಳೆಯಬೇಡಿ.

ಎಲ್ಲಿ ಹಾಕಬೇಕು ಅಂತ ಗೊತ್ತಾಗದಿದ್ದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ನಾಲ್ಕು ಜನ ನೋಡಿದರಾ? ಕಳೆದುಕೊಳ್ಳಲು ಮರ್ಯಾದೆ ಅಂತ ಒಂದಿತ್ತಾ? ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿಬಿದ್ದಿರಿ, ನೋಡಿದ್ದು ನಾಯಿ ಮಾತ್ರ, ಅಂದರೆ ಅದು ಇಗ್ನಮಿನಿ ಅಲ್ಲ, ಸುಮ್ನೆ ಸೊಂಟನೋವು. ಮದುವೆ ಮನೆ ಚಪ್ಪರದಲ್ಲಿ, ಹೊಸ ಪಂಚೆಯಲ್ಲಿ, ಬೀಗರ ಎದುರು ಬಿದ್ದರೆ ತಮಾಷೆಗೆ ಬಳಸಬಹುದು, ಇಂಗ್ಲಿಷಿನವರೂ ಹಾಗೆ ಬಳಸುತ್ತಾರೆ. ದೇವಸ್ಥಾನದ ದುಡ್ಡು ತಿಂದು ಸಿಕ್ಕಿಬಿದ್ದ ಅಧ್ಯಕ್ಷನಿಗಾದರೆ ಅದು ನಿಜವಾದ ಇಗ್ನಮಿನಿ. ಒಳಗೊಳಗೇ ಕೊರೆಯುವ ನಾಚಿಕೆಗೆ ಶೇಮ್ ಸಾಕು.

ವಾಕ್ಯದಲ್ಲಿ ಇದು ಒಂಟಿಯಾಗಿ ಬರುವುದು ಕಮ್ಮಿ. 'ಸಫರ್ಡ್ ದಿ ಇಗ್ನಮಿನಿ ಆಫ್ ಲೂಸಿಂಗ್ ಹಿಸ್ ಡಿಪಾಸಿಟ್' ಅನ್ನುವುದು ಚುನಾವಣೆ ಸುದ್ದಿಗೆ ಹೇಳಿ ಮಾಡಿಸಿದ ಸಾಲು. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬರದೆ ಸೋತರೆ ಠೇವಣಿ ಹೋಗುತ್ತದೆ ಅಲ್ವಾ, ಸೋಲಿನ ಮೇಲೆ ಆ ಲೆಕ್ಕವೂ ಊರಿಗೆ ತಿಳಿಯುತ್ತದೆ. ಕನ್ನಡದಲ್ಲಿ ಇಲ್ಲಿ ಮುಖಭಂಗ ಚೆನ್ನಾಗಿ ಕೂರುತ್ತದೆ.

ವಿಶೇಷಣ ಬೇಕಾದರೆ ಇಗ್ನಮಿನಿಯಸ್, ಆಗ ಒತ್ತು 'ಮಿ' ಮೇಲೆ. 2020ರ ಡಿಸೆಂಬರ್ 19ರಂದು ಅಡಿಲೇಡ್‌ನಲ್ಲಿ ಭಾರತ 36 ರನ್ನಿಗೆ ಮುದುರಿತು, ಟೆಸ್ಟ್‌ನಲ್ಲಿ ನಮ್ಮ ಅತಿ ಕಡಿಮೆ ಮೊತ್ತ. ಅದನ್ನು ಇಗ್ನಮಿನಿಯಸ್ ಡಿಫೀಟ್ ಅನ್ನಬಹುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ, ಆದರೆ ಸರಿಯಾಗಿ ಒಂದು ತಿಂಗಳಿಗೆ ಬ್ರಿಸ್ಬೇನ್‌ನಲ್ಲಿ ಗೆದ್ದು ಸರಣಿಯನ್ನೇ ಹೊತ್ತು ತಂದರು. (ಈಗಿನ ಅಡಿಕೆ ರೇಟಲ್ಲಿ ಆ ಗಾದೆ ಹೇಳಿದರೆ ನಮ್ಮೂರಲ್ಲಿ ನಗ್ತಾರೆ, ಅದು ಬೇರೆ ಮಾತು.)

ಇನ್ಫಮಿ ಜೊತೆ ಮಾತ್ರ ಗೊಂದಲ ಮಾಡಿಕೊಳ್ಳಬೇಡಿ. ಅದು ಕೆಟ್ಟದ್ದಕ್ಕೇ ಹೆಸರಾಗುವುದು, ಕುಖ್ಯಾತಿ. 1941ರಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ದಿನವನ್ನು ಅಲ್ಲಿನ ಅಧ್ಯಕ್ಷ ರೂಸ್ವೆಲ್ಟ್ ಇನ್ಫಮಿಯಲ್ಲಿ ಉಳಿಯುವ ದಿನ ಅಂದರು. ಅಲ್ಲಿ ಇಗ್ನಮಿನಿ ಹಾಕಿದರೆ ಅರ್ಥವೇ ಕೆಡುತ್ತದೆ, ಅವರು ಹೇಳಿದ್ದು ದಾಳಿಯ ನೀಚತನದ ಬಗ್ಗೆ, ಯಾರದ್ದೋ ಮಾನ ಹೋದದ್ದರ ಬಗ್ಗೆ ಅಲ್ಲ.

ತಂಗಿ ಕೊನೆಗೆ ನೋಟ್‌ಬುಕ್ಕಲ್ಲಿ 'ನಾಲ್ಕು ಜನರೆದುರು ಹೆಸರು ಹೋಗುವುದು' ಅಂತ ಬರೆದುಕೊಂಡಳು. ಸ್ಪೆಲ್ಲಿಂಗಲ್ಲಿ ಜಿ ಬಿಟ್ಟಿದ್ದಳು, ಸೇರಿಸಿಕೊಟ್ಟೆ.