ಪ್ರಸಂಗದಲ್ಲಿ ಊರಿನ ವಿಷಯ ಮಾತಾಡುವುದು ಹೇಗೆ

ದಾವಣಗೆರೆಯ ಒಂದು ಸಣ್ಣ ಚರ್ಚಿನಲ್ಲಿ ನಾನು ಸಭಾಪಾಲಕ. ಹೊಸದಾಗಿ ಪ್ರಸಂಗ, ಅಂದರೆ ಆರಾಧನೆಯಲ್ಲಿ ಉಪದೇಶ, ಮಾಡಲು ಶುರು ಮಾಡಿದ ಹುಡುಗರು ನನ್ನ ಹತ್ತಿರ ಬಂದು ಕೇಳುವುದು ಒಂದೇ ಪ್ರಶ್ನೆ. ಊರಿನ ವಿಷಯ, ಸರ್ಕಾರದ ವಿಷಯ ಎಲ್ಲ ಚರ್ಚಿನಲ್ಲಿ ಮಾತಾಡಬಹುದಾ? ಜನ ಎರಡು ಪಾಲಾಗಲ್ವಾ? ಮಾತಾಡಬಹುದು. ಮಾತಾಡಲೇಬೇಕು ಅಂತ ನಾನು ಅನ್ನುತ್ತೇನೆ. ಆದರೆ ಎಲ್ಲಿಂದ ಶುರು ಮಾಡಬಾರದು ಅನ್ನುವುದು ಮೊದಲು ಗೊತ್ತಿರಲಿ.

ನಾನು ಶುರು ಮಾಡಿದ್ದೇ ತಪ್ಪು ಕಡೆಯಿಂದ. ಚುನಾವಣೆ ಹತ್ತಿರ ಬಂದಿತ್ತು. ಒಬ್ಬ ಅಭ್ಯರ್ಥಿಯ ಹೆಸರು ಹೇಳದೆ, ಆದರೆ ಎಲ್ಲರಿಗೂ ಗೊತ್ತಾಗುವ ಹಾಗೆ, ನಾಲ್ಕು ಮಾತು ಬಿಟ್ಟೆ. ಭಾರಿ ಧೈರ್ಯ ಮಾಡಿದೆ ಅಂದುಕೊಂಡಿದ್ದೆ. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಒಬ್ಬ ಅಜ್ಜಿ ಕೈ ಹಿಡಿದುಕೊಂಡು, "ಅಯ್ಯನೋರೆ, ಇದನ್ನ ಟಿವಿಲೇ ಹೇಳ್ತಾರಲ್ಲ. ಆಟೋಕ್ಕೆ ದುಡ್ಡು ಕೊಟ್ಟು ಇಲ್ಲಿಗೆ ಬರೋದು ಯಾಕೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಜ್ಜಿ ಬಿಟ್ಟರೂ ಕಾನೂನು ಬಿಡಲ್ಲ. ಚರ್ಚು, ಗುಡಿ, ಮಸೀದಿ ಯಾವುದೇ ಇರಲಿ, ಅಲ್ಲಿ ರಾಜಕೀಯ ಪ್ರಚಾರ ಮಾಡುವ ಹಾಗಿಲ್ಲ ಅಂತ 1988ರಲ್ಲೇ ಕಾಯ್ದೆ ಬಂದಿದೆ. ಐದು ವರ್ಷದವರೆಗೆ ಜೈಲು ಆಗಬಹುದು. ಧರ್ಮದ ಹೆಸರಲ್ಲಿ ವೋಟು ಕೇಳುವುದು ಭ್ರಷ್ಟ ಆಚರಣೆ, ಅದರಲ್ಲಿ ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರನ ಧರ್ಮವೂ ಸೇರುತ್ತದೆ ಅಂತ ಸುಪ್ರೀಂ ಕೋರ್ಟಿನ ಏಳು ಜನರ ಪೀಠ 2017ರಲ್ಲಿ ಹೇಳಿತು, ಅದೂ ನಾಲ್ಕು-ಮೂರರ ಬಹುಮತದಲ್ಲಿ. ಹಾಗಾಗಿ ಯಾರಿಗೆ ಓಟು ಅನ್ನುವುದು ನಿಮ್ಮ ಪ್ರಸಂಗದಲ್ಲಿ ಬೇಡ.

ಹಾಗಾದರೆ ಏನು ಮಾತಾಡಬೇಕು? ತಕ್ಕಡಿ ಬಗ್ಗೆ ಮಾತಾಡಿ. ತಮಾಷೆಗೆ ಹೇಳುತ್ತಿಲ್ಲ.

ಬೈಬಲಿನಲ್ಲಿ ಆಮೋಸ ಅಂತ ಒಬ್ಬ ಪ್ರವಾದಿ ಇದ್ದಾನೆ. ತೆಕೋವ ಅನ್ನುವ ಊರಿನವನು, ಕುರಿ ಕಾಯುತ್ತಿದ್ದ, ಅತ್ತಿ ಮರ ನೋಡಿಕೊಳ್ಳುತ್ತಿದ್ದ. ಸುಮಾರು 2,700 ವರ್ಷದ ಹಿಂದೆ ಪಕ್ಕದ ರಾಜ್ಯಕ್ಕೆ ಹೋಗಿ, ಅಳತೆ ಕಿರಿದು ಮಾಡಿ, ತಕ್ಕಡಿ ವಾಲಿಸಿ, ಕಸ ಬೆರೆತ ಗೋದಿಯನ್ನು ಬಡವರಿಗೆ ಮಾರುವ ವ್ಯಾಪಾರಿಗಳನ್ನು ಬೈದ. ಅಲ್ಲಿನ ಪೂಜಾರಿ "ನಿನ್ನೂರಿಗೆ ಹೋಗಿ ಪ್ರವಾದನೆ ಮಾಡಿಕೋ" ಅಂತ ಅಟ್ಟಿದ. ದಾವಣಗೆರೆಯಲ್ಲಿ ಇದನ್ನು ಓದಿದರೆ ನಮ್ಮ ಮಾರುಕಟ್ಟೆಯ ಮೆಕ್ಕೆಜೋಳ ನೆನಪಾಗದೆ ಇರುತ್ತಾ?

ಆದರೆ ಓದಿದ ಕೂಡಲೇ ಪೀಠ ಹತ್ತಬೇಡಿ. ಆ ವಾರ ಒಂದು ಬೆಳಿಗ್ಗೆ ಎಪಿಎಂಸಿ ಮಾರುಕಟ್ಟೆಗೆ ಹೋಗಿ ಸುಮ್ನೆ ನಿಂತುಕೊಳ್ಳಿ. ರಾಶಿಯಿಂದ ಒಂದು ಹಿಡಿ ಕಾಳು ತೆಗೆದು ತೇವಾಂಶದ ಮೆಷಿನ್‌ಗೆ ಹಾಕುತ್ತಾರೆ. ಶೇಕಡಾ 14ಕ್ಕಿಂತ ಜಾಸ್ತಿ ಬಂದರೆ ದರದ ಮಾತು ಬದಲಾಗುತ್ತದೆ. ಆ ಒಂದು ಕ್ಷಣ ರೈತ ಮೆಷಿನ್ ನೋಡಲ್ಲ, ದಲ್ಲಾಳಿಯ ಮುಖ ನೋಡುತ್ತಾನೆ. ನಾನು ಪ್ರಸಂಗ ಶುರು ಮಾಡಿದ್ದು ಅಲ್ಲಿಂದ. ಯಾಕೆಂದರೆ ನಮ್ಮ ಚರ್ಚಿನಲ್ಲಿ ಒಂದೇ ಬೆಂಚಿನ ಮೇಲೆ ಜೋಳ ಬೆಳೆಯುವವರೂ ಕೂರುತ್ತಾರೆ, ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವವರೂ ಕೂರುತ್ತಾರೆ. ಕೊನೆಗೆ ಮಾಡಬಹುದಾದ ಕೆಲಸ ಒಂದೇ ಒಂದು ಹೇಳಿದೆ. ತೂಕದ ಯಂತ್ರದ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಇದೆಯಾ ನೋಡಿ, ಇಲ್ಲ ಅಂದರೆ ಕೇಳಿ. ಹತ್ತು ಉಪದೇಶ ಕೊಟ್ಟರೆ ಒಂದೂ ಮನೆಗೆ ಹೋಗಲ್ಲ.

ಸತ್ಯವೇದವನ್ನು, ಅಂದರೆ ಬೈಬಲನ್ನು, ಹೇಗೆ ಓದುತ್ತೀರಿ ಅನ್ನುವುದನ್ನೂ ಮುಚ್ಚಿಡಬೇಡಿ. ಅದರ ಒಂದೊಂದು ಅಕ್ಷರವೂ ಇವತ್ತಿನ ಕಾನೂನು ಅಂತ ನಾನು ನಂಬಲ್ಲ. ಅದರಲ್ಲಿ, ಮೊದಲ ಕಾಲದ ಸಭೆಗಳಿಗೆ ಪತ್ರ ಬರೆದ ಪೌಲನ ಹೆಸರಿನ ಪತ್ರದಲ್ಲಿ ದಾಸರು ಯಜಮಾನರ ಮಾತು ಕೇಳಬೇಕು ಅಂತ ಇದೆ. ಅದನ್ನು ಹಿಡಿದುಕೊಂಡು ಜೀತ ಸರಿ ಅನ್ನೋಕಾಗುತ್ತಾ? 1976ರಲ್ಲಿ ಪಾರ್ಲಿಮೆಂಟು ಜೀತ ರದ್ದು ಮಾಡಿದ್ದು ನನ್ನ ಪ್ರಕಾರ ಯೇಸುವಿಗೆ ಹತ್ತಿರದ ಕೆಲಸ, ಆ ಸಾಲಿಗಿಂತ ಹತ್ತಿರದ್ದು. ಇದನ್ನು ಪೀಠದಿಂದಲೇ ಹೇಳಿದೆ. ಇಬ್ಬರು ಹಿರಿಯರು ಮುಖ ಗಂಟು ಹಾಕಿಕೊಂಡರು. ಎದ್ದು ಹೋದವರು ಯಾರೂ ಇಲ್ಲ.

ವಿಷಯ ಆರಿಸುವಾಗ ನನಗೆ ಒಂದು ಅಳತೆ ಇದೆ. ನಮ್ಮ ಜನ ಖುಷಿಯಿಂದ ತಲೆ ಆಡಿಸುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಆ ವಿಷಯ ಬಿಡುತ್ತೇನೆ. ಇಲ್ಲಿ ಎರಡು ವರ್ಷಕ್ಕೊಮ್ಮೆ ಊರದೇವತೆ ದುಗ್ಗಮ್ಮನ ಜಾತ್ರೆ ಬರುತ್ತದೆ, ಕೋಣ ಬಲಿಯ ಮಾತೂ ಬರುತ್ತದೆ. ಪ್ರಾಣಿಬಲಿ ತಡೆ ಕಾಯ್ದೆ 1959ರಿಂದ ಇದೆ. ಕೇಳಿದವರಿಗೆ ಕಾನೂನು ಸರಿ ಅನ್ನುತ್ತೇನೆ. ಆದರೆ ನಮ್ಮ ಚರ್ಚಿನಲ್ಲಿ ನಿಂತು ಅದರ ಮೇಲೆ ಪ್ರಸಂಗ ಮಾಡಲ್ಲ. ಅದು ತೀರಾ ಸುಲಭ. ಬಲಿ ಬೇಡ ಅನ್ನುವ ದುಗ್ಗಮ್ಮನ ಭಕ್ತರೇ ಎಷ್ಟೋ ಜನ ಇದ್ದಾರೆ, ಬೈಗುಳ ತಿನ್ನುವವರು ಅವರು. ನಾನು ಮಾತಾಡಬೇಕಾದ್ದು ನಮ್ಮ ಮದುವೆಗಳ ಬಗ್ಗೆ. ನಮ್ಮಲ್ಲಿ ಜಾತಿ ಇಲ್ಲ ಅನ್ನುವ ಮುಂಚೆ ಹತ್ತು ವರ್ಷದ ಲಗ್ನಪತ್ರಿಕೆ ಜೋಡಿಸಿಕೊಂಡು ನೋಡಿ, ಯಾರ ಮಗಳು ಯಾರ ಮನೆಗೆ ಹೋಗಿದ್ದಾಳೆ ಅಂತ. ಇದನ್ನು ಹೇಳಿದ ಭಾನುವಾರ ಚರ್ಚಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

ಇನ್ನು ಎದುರು ಮಾತಿಗೆ ಜಾಗ ಬಿಡಿ. ಇದೊಂದನ್ನು ಮರೆಯಬೇಡಿ. ಪ್ರಸಂಗ ಅಂದರೆ ಒಬ್ಬನೇ ಮಾತಾಡುವುದು, ಬೇರೆಯವರು ಕೂತು ಕೇಳುವುದು. ಅದೇ ಅದರ ದೊಡ್ಡ ತೊಂದರೆ. ನಾವು ಆರಾಧನೆ ಆದ ಮೇಲೆ ಮಂಡಕ್ಕಿ, ಮಿರ್ಚಿ ತರಿಸಿ ಅರ್ಧ ಗಂಟೆ ಕೂರುತ್ತೇವೆ, ಅಲ್ಲಿ ನಾನು ಉತ್ತರ ಕೊಡಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತೇನೆ, ಕೊಡಬೇಕು ಅನ್ನಿಸಿದರೆ ಮುಂದಿನ ವಾರ ಕೊಡುತ್ತೇನೆ. ತಕ್ಕಡಿಯ ಪ್ರಸಂಗ ಆದ ದಿನ ಆ ಲೆಕ್ಕ ಬರೆಯುವವರು ಮಿರ್ಚಿ ಮುಟ್ಟಲಿಲ್ಲ. "ಅಯ್ಯನೋರೆ, ನಮ್ಮಂಗಡಿಗೆ ಬಂದು ನೋಡಿ ಆಮೇಲೆ ಮಾತಾಡಿ" ಅಂದರು.

ಗುರುವಾರ ಹೋದೆ. ಮುದ್ರೆ ತೋರಿಸಿದರು. ಆಮೇಲೆ ನಗುತ್ತಾ, "ನೀವೇ ಹತ್ತಿ ನೋಡಿ" ಅಂದರು. ಚಪ್ಪಲಿ ಬಿಟ್ಟು ಹತ್ತಿದೆ. 68 ಕೆಜಿ. ನಮ್ಮ ಮನೆಯ ಮೆಷಿನ್ ಇಷ್ಟು ದಿನ 65 ಅಂತಲೇ ತೋರಿಸುತ್ತಿತ್ತು.